ಗಡ್ಡೆಗೂ ಮೊದಲಿನ ಮೂವತ್ತು ವರ್ಷ

ಪ್ರತಿವರ್ಷ ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳೂ ಪ್ರಯೋಗಾಲಯಗಳೂ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಸ್ತನ ಕ್ಯಾನ್ಸರ್ ಜಾಗೃತಿ ಮಾಸವೆಂಬ ಈ ಆಚರಣೆ 1985ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಜಾಗೃತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೆಲವು ವರ್ಷಗಳಿಂದ ಈ ತಿಂಗಳಲ್ಲಿ ಮತ್ತೊಂದು ಸರಕು ಮಾರಾಟಕ್ಕೆ ಬಂದಿದೆ. ಆರೋಗ್ಯವಂತ ಮಹಿಳೆಯರ ಜೊಲ್ಲನ್ನೋ ರಕ್ತವನ್ನೋ ಪಡೆದು, ಅವರ ಜೀನುಗಳನ್ನು ಓದಿ, ಕ್ಯಾನ್ಸರಿನ ಬೀಜ ಇದೆಯೇ ಇಲ್ಲವೇ ಎಂದು ಹೇಳುವ ‘ಪ್ಯಾಕೇಜ್’ ಅದು. ರೋಗ ಬರುವ ಮೊದಲೇ ತಿಳಿದುಕೊಳ್ಳಿ ಎನ್ನುವುದು ಇಂಥ ಜಾಹೀರಾತುಗಳ ಸಾಮಾನ್ಯ ಧಾಟಿ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲೂ ರಿಯಾಯಿತಿ ದರದಲ್ಲಿ ಇದನ್ನು ಮಾಡಿಸಬಹುದೆಂಬ ಪ್ರಸ್ತಾಪ ಬಂತು. ಹಲವರು ಹೆಸರು ಬರೆಸಿದರು.

ನಾನು ವೈದ್ಯನಲ್ಲ. ಓದಿದ್ದು ಅರ್ಥಶಾಸ್ತ್ರ, ಮೂರು ದಶಕ ಕೆಲಸ ಮಾಡಿದ್ದು ಸರ್ಕಾರದ ಕಡತಗಳ ನಡುವೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಕೆನೆತ್ ಆ್ಯರೊ 1963ರಲ್ಲಿ ಬರೆದ ಪ್ರಬಂಧವೊಂದು ಪರಿಚಿತ. ವೈದ್ಯಕೀಯವು ಇತರ ಮಾರುಕಟ್ಟೆಗಳಂತಲ್ಲ, ಇಲ್ಲಿ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವ ವಸ್ತುವಿನ ಗುಣ ಅಳೆಯಲು ಬರುವುದಿಲ್ಲ ಎಂಬುದು ಅದರ ಮುಖ್ಯ ವಾದಗಳಲ್ಲೊಂದು. ಜೀನ್ ಪರೀಕ್ಷೆಗೆ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ಆದ್ದರಿಂದ, ಸ್ತನ ಕ್ಯಾನ್ಸರಿನ ಆರಂಭದಲ್ಲಿ ಜೀನುಗಳಲ್ಲಿ ಏನಾಗುತ್ತದೆ ಎಂಬ ಬಗ್ಗೆ ವಿಜ್ಞಾನ ಈವರೆಗೆ ಕಂಡುಕೊಂಡದ್ದೇನು, ಅದರಲ್ಲಿ ಸಾರ್ವಜನಿಕ ಹಣಕ್ಕೂ ಸಂಸಾರದ ಹಣಕ್ಕೂ ಯೋಗ್ಯವಾದದ್ದೆಷ್ಟು ಎಂದು ಲೆಕ್ಕ ಹಾಕುವುದು ಅಪ್ರಸ್ತುತವಾಗಲಾರದು.

ಕ್ಯಾನ್ಸರ್ ಎನ್ನುವುದು ಜೀವಕೋಶದ ವರ್ಣತಂತುಗಳ ಅವ್ಯವಸ್ಥೆಯಿಂದ ಹುಟ್ಟುತ್ತದೆ ಎಂದು ಜರ್ಮನಿಯ ಥಿಯೊಡೋರ್ ಬೊವೆರಿ 1914ರಲ್ಲೇ ಊಹಿಸಿದ್ದ. ಅವನ ಕೈಯಲ್ಲಿದ್ದುದು ಸೂಕ್ಷ್ಮದರ್ಶಕ ಮತ್ತು ಕಡಲ ಜೀವಿಯ ಮೊಟ್ಟೆಗಳು ಮಾತ್ರ. ಶತಮಾನ ಕಳೆದ ಮೇಲೆ ಆ ಊಹೆಗೆ ಎಂಥ ವಿವರ ದೊರೆತಿದೆ ಎಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೆಯಿಶಿ ಒಗಾವಾ ಮತ್ತು ಸಂಗಡಿಗರು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಸ್ತನದೊಳಗೆ ಹಾಲು ತಯಾರಾಗುವ ಪುಟ್ಟ ಗೊಂಚಲುಗಳೂ ಅದನ್ನು ಸಾಗಿಸುವ ನಾಳಗಳೂ ಇವೆ. ಬಹುಪಾಲು ಸ್ತನ ಕ್ಯಾನ್ಸರ್ ಹುಟ್ಟುವುದು ಇವುಗಳ ಒಳಪದರದ ಕೋಶಗಳಲ್ಲಿ. ಕ್ಯೋಟೋ ತಂಡ ಕ್ಯಾನ್ಸರ್ ಗಡ್ಡೆಯನ್ನಷ್ಟೇ ಅಲ್ಲದೆ, ಅದರ ಸುತ್ತಲಿನ ನೋಡಲು ಆರೋಗ್ಯವಾಗಿರುವ ಅಂಗಾಂಶದಿಂದಲೂ ಕೋಶಗಳನ್ನು ತೆಗೆದು, ಅವುಗಳ ಇಡೀ ಜೀನ್ ಬರಹವನ್ನು ಓದಿತು. ಪ್ರತಿ ಕೋಶದಲ್ಲೂ ಕಾಲಕ್ರಮದಲ್ಲಿ ಸಣ್ಣ ಸಣ್ಣ ಬರವಣಿಗೆಯ ತಪ್ಪುಗಳು, ಅಂದರೆ ಉತ್ಪರಿವರ್ತನೆಗಳು, ಸೇರುತ್ತ ಹೋಗುತ್ತವೆ. ಮರದ ಕಾಂಡದ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುವಂತೆ, ಇವನ್ನು ಎಣಿಸಿ ಯಾವ ಬದಲಾವಣೆ ಯಾವ ವಯಸ್ಸಿನಲ್ಲಿ ಆಯಿತೆಂದು ಹಿಂದಕ್ಕೆ ಲೆಕ್ಕ ಹಾಕಬಹುದು.

ಆ ಲೆಕ್ಕದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಮುಟ್ಟು ನಿಲ್ಲುವವರೆಗೆ ಪ್ರತಿ ಕೋಶದಲ್ಲಿ ವರ್ಷಕ್ಕೆ ಸರಾಸರಿ 19.5 ಬದಲಾವಣೆಗಳು ಸೇರುತ್ತವೆ. ನಿಂತ ಮೇಲೆ ಅದು 8.1ಕ್ಕೆ ಇಳಿಯುತ್ತದೆ. ಹೆತ್ತ ಪ್ರತಿ ಮಗುವಿಗೂ ಸುಮಾರು 55 ಬದಲಾವಣೆಗಳಷ್ಟು ಹೊರೆ ಕಡಿಮೆ ಕಂಡುಬಂದಿದೆ. ಸ್ತನ ಕ್ಯಾನ್ಸರಿನ ಒಂದು ವರ್ಗದಲ್ಲಿ ಒಂದನೆಯ ಮತ್ತು ಹದಿನಾರನೆಯ ವರ್ಣತಂತುಗಳ ತುಂಡುಗಳು ಕೂಡಿಕೊಂಡು, ಒಂದನೆಯದರ ಉದ್ದ ತೋಳು ಹೆಚ್ಚಾಗಿ ಹದಿನಾರನೆಯದರ ಉದ್ದ ತೋಳು ನಷ್ಟವಾಗಿರುತ್ತದೆ. ಈ ಬದಲಾವಣೆ ನಡೆದದ್ದು ಯಾವಾಗ? ಅಧ್ಯಯನ ಮಾಡಿದ ಕೆಲವು ರೋಗಿಗಳಲ್ಲಿ ಅದು ಮೈನೆರೆಯುವ ವಯಸ್ಸಿನಿಂದ ಹದಿಹರೆಯದ ಕೊನೆಯೊಳಗೆ! ಮೂವತ್ತರ ಆರಂಭದ ಹೊತ್ತಿಗೆ ಆ ಕೋಶದ ಸಂತತಿ ಕವಲೊಡೆದು ಹಬ್ಬಲು ಸಿದ್ಧವಾಗಿರುತ್ತದೆ. ಗಡ್ಡೆ ಕೈಗೆ ಸಿಗುವುದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಅಂದರೆ ಐವತ್ತರ ಗೃಹಿಣಿಯೊಬ್ಬಳ ಕ್ಯಾನ್ಸರಿನ ಮೊದಲ ಅಕ್ಷರ ಆಕೆ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾಗಲೇ ಬರೆಯಲ್ಪಟ್ಟಿರಬಹುದು.

ಇದನ್ನು ಕೇಳಿದೊಡನೆ ಹಾಗಾದರೆ ಹದಿಹರೆಯದಲ್ಲೇ ಪರೀಕ್ಷಿಸಿಬಿಡೋಣ ಎಂದು ಅನ್ನಿಸುವುದು ಸಹಜ. ಅಧ್ಯಯನದ ಇನ್ನೊಂದು ಅರ್ಧವನ್ನು ಓದಿದರೆ ಆ ಉತ್ಸಾಹ ತಣ್ಣಗಾಗುತ್ತದೆ. ಇದೇ ಬದಲಾವಣೆ ಹೊತ್ತ ಕೋಶಗಳ ಸಂತತಿಗಳು ಆ ಸ್ತನದಲ್ಲೇ ವಿಸ್ತಾರವಾಗಿ ಹಬ್ಬಿದ್ದವು. ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರಲೇ ಇಲ್ಲ. ಒಂದೇ ತಾಯಿಕೋಶದ ಹತ್ತಾರು ಕವಲುಗಳಲ್ಲಿ ದಾರಿ ತಪ್ಪಿದವು ಒಂದೋ ಎರಡೋ. ಉಳಿದವು ಸುಮ್ಮನೆ ಬಾಳಿದವು. ಆರಂಭಿಕ ಬದಲಾವಣೆ ಇದೆ ಎಂಬುದೂ ರೋಗ ಇದೆ ಎಂಬುದೂ ಒಂದೇ ಅಲ್ಲ. ಮೇಲಾಗಿ ಈ ಬದಲಾವಣೆಗಳು ಇರುವುದು ಸ್ತನದ ಕೋಶಗಳಲ್ಲಿ, ಹುಟ್ಟಿನಿಂದ ಬಂದ ಜೀನುಗಳಲ್ಲಲ್ಲ. ಜೊಲ್ಲಿನ ಪರೀಕ್ಷೆಗೆ ಇವು ಸಿಕ್ಕುವುದೇ ಇಲ್ಲ.

ಹೆರಿಗೆಯ ವಿಷಯ ಬಂದದ್ದರಿಂದ ಒಂದು ಮಾತು. ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಇಟಲಿಯ ವೈದ್ಯ ರಾಮಾಜೀನಿ ಹದಿನೆಂಟನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದ. ಪ್ರತಿ ಹೆರಿಗೆಗೆ ಅಪಾಯ ಶೇ 7ರಷ್ಟು, ಹನ್ನೆರಡು ತಿಂಗಳ ಹಾಲೂಡಿಕೆಗೆ ಶೇ 4.3ರಷ್ಟು ಕಡಿಮೆಯಾಗುತ್ತದೆಂದು 2002ರಲ್ಲಿ ಹಲವು ದೇಶಗಳ ಅಂಕಿಅಂಶಗಳನ್ನು ಕೂಡಿಸಿದ ವಿಶ್ಲೇಷಣೆ ತಿಳಿಸಿತು. ಕ್ಯೋಟೋದ ಲೆಕ್ಕ ಇದಕ್ಕೆ ಕೋಶದ ಮಟ್ಟದ ಸಮರ್ಥನೆ ಒದಗಿಸಿದಂತಿದೆ. ಕರ್ನಾಟಕದ ಒಟ್ಟು ಫಲವತ್ತತೆ ದರ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7. ನಮ್ಮ ಅಜ್ಜಿಯರಿಗಿಂತ ನಮ್ಮ ಹೆಣ್ಣುಮಕ್ಕಳು ಹೆಚ್ಚು ಮುಟ್ಟಿನ ಚಕ್ರಗಳನ್ನು ದಾಟುತ್ತಾರೆ, ಹೆಚ್ಚು ವರ್ಷ ಬದುಕುತ್ತಾರೆ. ರೋಗ ಹೆಚ್ಚಲು ಇವೂ ಕಾರಣಗಳು. ಇದನ್ನು ಹಿಡಿದುಕೊಂಡು, ಆದ್ದರಿಂದ ಹೆಂಗಸರು ಹೆಚ್ಚು ಮಕ್ಕಳನ್ನು ಹೆರಬೇಕೆಂದು ವೇದಿಕೆಯಿಂದ ಉಪದೇಶಿಸುವ ಮಹನೀಯರು ಯಾರಾದರೂ ಹುಟ್ಟಿಕೊಳ್ಳಬಹುದೆಂಬ ಭಯ ನನಗಿದೆ. ಎಂಟು ಹೆರಿಗೆಗಳಲ್ಲಿ ನಮ್ಮ ಅಜ್ಜಿಯರು ತೆತ್ತ ಬೆಲೆಯ ಲೆಕ್ಕ ಅವರ ಬಳಿ ಇರುವುದಿಲ್ಲ.

ಆರಂಭದ ಹಂತವನ್ನು ಕಂಡುಹಿಡಿದೂ ಏನು ಮಾಡಬೇಕೆಂದು ತಿಳಿಯದ ಸ್ಥಿತಿಗೆ ಶ್ರೀಮಂತ ದೇಶಗಳು ಈಗಾಗಲೇ ತಲುಪಿವೆ. ನಾಳದ ಒಳಗೇ ಇದ್ದು ಹೊರಗೆ ನುಗ್ಗದ ಅಸಹಜ ಕೋಶಗಳ ಬೆಳವಣಿಗೆಯನ್ನು ವೈದ್ಯರು ಡಿಸಿಐಎಸ್ ಎನ್ನುತ್ತಾರೆ. ಮ್ಯಾಮೊಗ್ರಫಿ ಬರುವ ಮೊದಲು ಇದು ವಿರಳವಾಗಿ ಕಾಣುತ್ತಿತ್ತು. ಇಂದು ಅಮೆರಿಕದಲ್ಲಿ ತಪಾಸಣೆಯಿಂದ ಪತ್ತೆಯಾಗುವ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದು ಇದು. ಇದರಲ್ಲಿ ಒಂದು ಭಾಗ ಮಾತ್ರ ಮುಂದೆ ಆಕ್ರಮಣಕಾರಿ ಕ್ಯಾನ್ಸರ್ ಆಗುತ್ತದೆ. ಯಾವ ಭಾಗ ಎಂಬುದೇ ಪ್ರಶ್ನೆ. ಜೀನುಗಳನ್ನು ಓದಿದರೆ ಉತ್ತರ ಸಿಕ್ಕೀತೆಂಬ ಆಸೆ ವಿಜ್ಞಾನಿಗಳಿಗಿತ್ತು. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ನಿಕೊಲಸ್ ನೇವಿನ್ ತಂಡ 2018ರಲ್ಲಿ ಒಂದೊಂದೇ ಕೋಶವನ್ನು ಅದಿರುವ ಸ್ಥಳದ ಸಮೇತ ಓದಿ ತೋರಿಸಿದ್ದು ಬೇರೆಯೇ ಆಗಿತ್ತು: ನಾಳದ ಒಳಗಿನ ಕೋಶಗಳಲ್ಲೂ ಹೊರಗೆ ನುಗ್ಗಿದ ಕೋಶಗಳಲ್ಲೂ ಹೆಚ್ಚುಕಡಿಮೆ ಅವೇ ಬದಲಾವಣೆಗಳಿದ್ದವು. ಜೀನಿನ ಮಟ್ಟದ ಮುಖ್ಯ ಘಟನೆಗಳೆಲ್ಲ ಗೋಡೆ ಒಡೆಯುವ ಮೊದಲೇ ಮುಗಿದಿದ್ದವು. ಮತ್ತು ಗೋಡೆ ದಾಟಿದ್ದು ಒಂದೇ ವಂಶದ ಕೋಶವಲ್ಲ, ಹಲವು ವಂಶಗಳು ಕೂಡಿ. ಯುರೋಪಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ, ಡಿಸಿಐಎಸ್ ಚಿಕಿತ್ಸೆಯ ವರ್ಷಗಳ ನಂತರ ಅದೇ ಸ್ತನದಲ್ಲಿ ಕಾಣಿಸಿಕೊಂಡ ಕ್ಯಾನ್ಸರುಗಳನ್ನು ಪರಿಶೀಲಿಸಿತು. ಸುಮಾರು ಶೇ 75ರಷ್ಟು ಹಳೆಯದರ ಸಂತತಿಯೇ. ಆದರೆ ಶೇ 18ರಷ್ಟು ಹಳೆಯದಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲದ, ಹೊಸದಾಗಿ ಹುಟ್ಟಿದ ಕ್ಯಾನ್ಸರುಗಳಾಗಿದ್ದವು.

ಇದರ ಪರಿಣಾಮ ಚಿಕಿತ್ಸೆಯಲ್ಲಿ ಕಾಣಿಸತೊಡಗಿದೆ. ಕಡಿಮೆ ಅಪಾಯದ ಡಿಸಿಐಎಸ್ ಇದ್ದ 957 ಮಹಿಳೆಯರನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯಂತೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಆರು ತಿಂಗಳಿಗೊಮ್ಮೆ ನಿಗಾ ಎಂದು ಗೊತ್ತುಮಾಡಿದ ಪ್ರಯೋಗದ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಆಕ್ರಮಣಕಾರಿ ಕ್ಯಾನ್ಸರ್ ಪತ್ತೆಯಾದ ಪ್ರಮಾಣ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 5.9, ನಿಗಾ ಗುಂಪಿನಲ್ಲಿ ಶೇ 4.2. ಎರಡು ವರ್ಷ ಅಲ್ಪಾವಧಿ, ನಿಜ. ಮೊದಲ ಗುಂಪಿನ ಎಲ್ಲರೂ ಶಸ್ತ್ರಚಿಕಿತ್ಸೆಗೆ ಒಪ್ಪಲೂ ಇಲ್ಲ. ಆದರೂ ಒಂದು ತಲೆಮಾರಿನ ಮಹಿಳೆಯರಿಗೆ ‘ತಕ್ಷಣ ಕತ್ತರಿಸಬೇಕು’ ಎಂದು ಹೇಳಿದ ರೋಗದ ಬಗ್ಗೆ ಈಗ ‘ಕಾದು ನೋಡಬಹುದೇನೋ’ ಎಂಬ ಮಾತು ಬರುತ್ತಿದೆ ಎಂಬುದನ್ನು ಗಮನಿಸಬೇಕು.

ಬೇಗ ಪತ್ತೆ ಮಾಡಿದಷ್ಟೂ ಒಳ್ಳೆಯದು ಎಂಬ ಸಾಮಾನ್ಯ ಜ್ಞಾನ ಇಲ್ಲಿ ಎಡವುತ್ತದೆ. ದಕ್ಷಿಣ ಕೊರಿಯಾದ ಉದಾಹರಣೆ ನೋಡಿ. ಅಲ್ಲಿ ಥೈರಾಯ್ಡ್ ಕ್ಯಾನ್ಸರಿಗೆ ಅಲ್ಟ್ರಾಸೌಂಡ್ ತಪಾಸಣೆ ಜನಪ್ರಿಯವಾಗಿ, 1993ರಿಂದ 2011ರ ನಡುವೆ ಪತ್ತೆಯಾದ ಪ್ರಕರಣಗಳ ದರ ಹದಿನೈದು ಪಟ್ಟು ಏರಿತು. ಸಾವಿನ ದರ ಇದ್ದಲ್ಲೇ ಇತ್ತು. ಕತ್ತರಿಸಿದ ಕೊರಳುಗಳ ಸಂಖ್ಯೆ ಮಾತ್ರ ಹೆಚ್ಚಿತು. ಮುಂಗಡವಾಗಿ ಕಂಡುಕೊಂಡ ಸಂಗತಿಯಿಂದ ಮುಂದಿನ ನಡೆ ಬದಲಾಗುವುದಾದರೆ, ಆ ನಡೆಯಿಂದ ಜೀವ ಉಳಿಯುವುದಾದರೆ ಮಾತ್ರ ಮಾಹಿತಿಗೆ ಬೆಲೆ. ಇಲ್ಲವಾದರೆ ಅದು ಆತಂಕದ ಖರೀದಿ.

ಹುಟ್ಟಿನಿಂದ ಬರುವ ಜೀನುಗಳ ಕತೆ ಬೇರೆ. ಇಲ್ಲಿ ಪರೀಕ್ಷೆಗೆ ನಿಜವಾದ ಅರ್ಥವಿದೆ. ಆದರೆ ಅದು ಎಲ್ಲರಿಗೂ ಅಲ್ಲ. ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ 1866ರಲ್ಲೇ ತನ್ನ ಹೆಂಡತಿಯ ವಂಶದಲ್ಲಿ ತಲೆಮಾರುಗಳುದ್ದಕ್ಕೂ ಸ್ತನ ಕ್ಯಾನ್ಸರ್ ಬಂದದ್ದನ್ನು ದಾಖಲಿಸಿದ್ದ. ಅದಕ್ಕೆ ಜೀನೊಂದು ಕಾರಣವೆಂದು ತೋರಿಸಲು 1990ರವರೆಗೆ ಕಾಯಬೇಕಾಯಿತು. ಬರ್ಕ್ಲಿಯ ಮೇರಿ-ಕ್ಲೇರ್ ಕಿಂಗ್ 23 ಕುಟುಂಬಗಳ 146 ರೋಗಿಗಳ ವಿವರ ಕಲೆಹಾಕಿ, ಹದಿನೇಳನೆಯ ವರ್ಣತಂತುವಿನ ಒಂದು ಜಾಗದಲ್ಲಿ ಅದು ಅಡಗಿದೆ ಎಂದು ಬೆರಳಿಟ್ಟು ತೋರಿಸಿದರು. ಅಲ್ಲಿಯವರೆಗೆ ಅವರ ಮಾತನ್ನು ನಂಬಿದವರು ಕಡಿಮೆ. ಅನಂತರ ಎಲ್ಲರೂ ಓಟಕ್ಕಿಳಿದರು. 1994ರಲ್ಲಿ ಬಿಆರ್‌ಸಿಎ-1, ಮರುವರ್ಷ ಬಿಆರ್‌ಸಿಎ-2 ಸಿಕ್ಕವು. ಇವು ಜೀನ್ ಬರಹದ ಮುರಿತಗಳನ್ನು ಸರಿಪಡಿಸುವ ಜೀನುಗಳು. ತಾಯಿಯಿಂದ ಬಂದ ಪ್ರತಿಯೋ ತಂದೆಯಿಂದ ಬಂದ ಪ್ರತಿಯೋ ಹುಟ್ಟಿನಿಂದಲೇ ಕೆಟ್ಟಿದ್ದರೆ, ಇನ್ನೊಂದು ಪ್ರತಿ ಯಾವುದೋ ಕೋಶದಲ್ಲಿ ಕೈಕೊಟ್ಟ ದಿನ ರಿಪೇರಿಯ ವ್ಯವಸ್ಥೆ ಕುಸಿಯುತ್ತದೆ. ಕೆಟ್ಟ ಬಿಆರ್‌ಸಿಎ-1 ಹೊತ್ತ ಮಹಿಳೆಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇ 72ರಷ್ಟು ಎಂದು 2017ರ ದೊಡ್ಡ ಅಧ್ಯಯನವೊಂದು ಅಂದಾಜಿಸಿತು. ಆದರೆ ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಇಂಥ ಆನುವಂಶಿಕ ದೋಷದಿಂದ ಬರುವವು ಶೇ 5ರಿಂದ 10 ಮಾತ್ರ. ಉಳಿದ ತೊಂಬತ್ತಕ್ಕೆ ಮೇಲೆ ಹೇಳಿದ, ಬದುಕಿನುದ್ದಕ್ಕೂ ಕೂಡಿಕೊಳ್ಳುವ ಬದಲಾವಣೆಗಳೇ ಕಾರಣ. ‘ನೆಗೆಟಿವ್’ ಎಂದು ಬಂದ ವರದಿಯನ್ನು ಹಿಡಿದು ನಿಶ್ಚಿಂತಳಾಗುವ ಮಹಿಳೆ ಇದನ್ನು ತಿಳಿದಿರುವುದಿಲ್ಲ. ಜಾಹೀರಾತು ತಿಳಿಸುವುದೂ ಇಲ್ಲ.

ಈ ಜೀನುಗಳ ಆರ್ಥಿಕ ಇತಿಹಾಸವೂ ಕುತೂಹಲಕರ. ಅಮೆರಿಕದ ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಇವುಗಳ ಮೇಲೆ ಪೇಟೆಂಟ್ ಪಡೆದು, ಆ ದೇಶದಲ್ಲಿ ಪರೀಕ್ಷೆಯ ಏಕಸ್ವಾಮ್ಯವನ್ನು ಸುಮಾರು ಒಂದೂವರೆ ದಶಕ ಅನುಭವಿಸಿತು. ಪರೀಕ್ಷೆಯ ಬೆಲೆ 3 ಸಾವಿರ ಡಾಲರಿಗೂ ಮೇಲೆ. ಮನುಷ್ಯನ ಮೈಯಲ್ಲಿ ನಿಸರ್ಗ ಇಟ್ಟ ವಸ್ತುವನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಆವಿಷ್ಕಾರವಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರ ಜೂನ್ 13ರಂದು ಸರ್ವಾನುಮತದ ತೀರ್ಪು ನೀಡಿತು. ಪ್ರತಿಸ್ಪರ್ಧಿ ಪ್ರಯೋಗಾಲಯಗಳು ಕೂಡಲೇ ಅಗ್ಗದ ಪರೀಕ್ಷೆಗಳನ್ನು ಘೋಷಿಸಿದವು. ನಿಸರ್ಗದಲ್ಲಿರುವ ವಸ್ತುವಿನ ಶೋಧಕ್ಕೆ ಪೇಟೆಂಟ್ ಇಲ್ಲವೆಂದು ನಮ್ಮ ಪೇಟೆಂಟ್ ಕಾಯ್ದೆಯ 3(ಸಿ) ಕಲಮು ಸ್ಪಷ್ಟವಾಗಿ ಹೇಳುತ್ತದೆ. ಶಾಸನ ರಚನೆಯಲ್ಲಿ ನಾವು ಕೆಲವೊಮ್ಮೆ ಜಾಣರು. ಅನುಷ್ಠಾನದ ವಿಷಯ ಬೇರೆ.

ತೀರ್ಪಿಗೆ ತಿಂಗಳ ಮೊದಲು ನಟಿ ಏಂಜಲೀನಾ ಜೋಲಿ, ತನಗೆ ಬಿಆರ್‌ಸಿಎ-1 ದೋಷವಿರುವುದನ್ನೂ ಎರಡೂ ಸ್ತನಗಳನ್ನು ತೆಗೆಸಿಕೊಂಡಿರುವುದನ್ನೂ ಬಹಿರಂಗಪಡಿಸಿದ್ದರು. ಆಕೆಯ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಪರೀಕ್ಷೆಗೆ ಕಾರಣವಿತ್ತು. ಅವರನ್ನು ನೋಡಿ ಪರೀಕ್ಷೆಗೆ ಮುಗಿಬಿದ್ದ ಎಷ್ಟೋ ಮಂದಿಗೆ ಅಂಥ ಕಾರಣವಿರಲಿಲ್ಲ. ನಮ್ಮಲ್ಲಿಯೂ ಈ ಪರೀಕ್ಷೆ ಬೇಕಾದವರು ಇದ್ದಾರೆ: ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದವರು, ಅಂಡಾಶಯದ ಕ್ಯಾನ್ಸರ್ ಬಂದವರು, ಹಾರ್ಮೋನಿಗೂ ಹರ್-2 ಔಷಧಿಗೂ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆಯ ಕ್ಯಾನ್ಸರ್ ಇರುವವರು, ಹತ್ತಿರದ ಬಂಧುಗಳಲ್ಲಿ ಇಬ್ಬರು ಮೂವರಿಗೆ ರೋಗ ಬಂದಿರುವವರು. ಮೊದಲು ಪರೀಕ್ಷೆಯಾಗಬೇಕಾದ್ದು ರೋಗಿಗೆ, ಆಮೇಲೆ ಆಕೆಯ ಅಕ್ಕತಂಗಿಯರಿಗೆ. ದೋಷ ಇದ್ದವರಿಗೆ ಓಲಾಪಾರಿಬ್‌ನಂಥ ಔಷಧಗಳು ಕೆಲಸ ಮಾಡುವುದರಿಂದ ರೋಗಿಗೂ ಇದರಿಂದ ನೇರ ಪ್ರಯೋಜನವುಂಟು.

ಆದರೆ ನಮ್ಮ ಸಮಾಜದಲ್ಲಿ ಈ ವರದಿ ಒಬ್ಬ ವ್ಯಕ್ತಿಯದಾಗಿ ಉಳಿಯುವುದಿಲ್ಲ. ಅಕ್ಕನಿಗೆ ‘ಪಾಸಿಟಿವ್’ ಎಂದರೆ ಮದುವೆಗೆ ಬಂದಿರುವ ತಂಗಿಯ ಜಾತಕದಲ್ಲಿ ಹೊಸ ದೋಷವೊಂದು ಸೇರಿದಂತೆ. ಹೆಣ್ಣು ನೋಡಲು ಬಂದವರಿಗೆ ಹೇಳಬೇಕೋ ಬೇಡವೋ? ದೋಷವನ್ನು ತಂದೆಯೂ ದಾಟಿಸಬಲ್ಲ. ಪ್ರತಿ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಅರ್ಧ ಸಂಭವ. ಆದರೂ ನಮ್ಮ ಮನೆಗಳಲ್ಲಿ ‘ಅವರ ತಾಯಿ ಕಡೆಯಿಂದ ಬಂದದ್ದು’ ಎಂಬ ಮಾತೇ ಮೊದಲು ಬರುತ್ತದೆ. ಸೋದರತ್ತೆಗೆ ಏನಾಗಿತ್ತೆಂದು ಯಾರೂ ಕೇಳುವುದಿಲ್ಲ. ಕೇಳಿದರೂ ‘ಏನೋ ಹೆಂಗಸರ ಕಾಯಿಲೆ’ ಎಂಬ ಉತ್ತರ. ಅಮೆರಿಕದಲ್ಲಿ ತಳಿಮಾಹಿತಿಯ ಆಧಾರದ ಮೇಲೆ ಉದ್ಯೋಗದಲ್ಲಿ, ಆರೋಗ್ಯ ವಿಮೆಯಲ್ಲಿ ತಾರತಮ್ಯ ಮಾಡುವುದನ್ನು 2008ರ ಕಾಯ್ದೆಯೊಂದು ನಿಷೇಧಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಳಿಮಾಹಿತಿಯನ್ನು ಪ್ರತ್ಯೇಕ ಸೂಕ್ಷ್ಮ ವರ್ಗವೆಂದು ಗುರುತಿಸುವ ಗೋಜಿಗೇ ಹೋಗಿಲ್ಲ. ರಿಯಾಯಿತಿ ದರದಲ್ಲಿ ಜೊಲ್ಲು ಕೊಟ್ಟ ನಮ್ಮ ಬಡಾವಣೆಯ ಮಹಿಳೆಯರಲ್ಲಿ ಎಷ್ಟು ಮಂದಿ ಒಪ್ಪಿಗೆ ಪತ್ರದ ಸಣ್ಣ ಅಕ್ಷರಗಳನ್ನು ಓದಿದರೋ ಕಾಣೆ.

ಹಾಗಾದರೆ ಆರಂಭಿಕ ಜೀನ್ ಬದಲಾವಣೆಗಳ ಜ್ಞಾನದಿಂದ ಜೀವ ಉಳಿದದ್ದುಂಟೇ? ಖಂಡಿತ ಉಂಟು. ಹರ್-2 ಎಂಬ ಜೀನಿನ ಕತೆಯನ್ನು ನಾನು ಪ್ರತಿ ಆರ್ಥಿಕ ಇಲಾಖೆಯ ಅಧಿಕಾರಿಯೂ ಓದಬೇಕೆನ್ನುತ್ತೇನೆ. ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಈ ಜೀನಿನ ಎರಡು ಪ್ರತಿಗಳಿರಬೇಕಾದಲ್ಲಿ ಹತ್ತಾರು ಪ್ರತಿಗಳಿರುತ್ತವೆ. ರೋಗ ನಾಳದೊಳಗೆ ಇರುವಾಗಲೇ ಈ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಇಂಥ ಕ್ಯಾನ್ಸರುಗಳು ಬೇಗ ಹರಡುತ್ತವೆಂದು ಲಾಸ್ ಏಂಜಲಿಸ್‌ನ ಡೆನಿಸ್ ಸ್ಲೇಮನ್ 1987ರಲ್ಲಿ ತೋರಿಸಿದರು. ಅದೇ ಗುರಿಗೆ ಹೂಡಿದ ಬಾಣವಾಗಿ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಆರಂಭದ ಹಂತದ ರೋಗಿಗಳಿಗೆ ಕೊಟ್ಟಾಗ ರೋಗ ಮರುಕಳಿಸುವುದು ಸುಮಾರು ಅರ್ಧಕ್ಕಿಳಿಯುತ್ತದೆಂದು 2005ರ ಫಲಿತಾಂಶಗಳು ತಿಳಿಸಿದವು. ಸುಮಾರು ಐದಾರು ರೋಗಿಗಳಲ್ಲಿ ಒಬ್ಬರಿಗೆ ಅನ್ವಯಿಸುವ ಔಷಧ ಇದು.

ಆದರೆ ಬೆಲೆ? ಭಾರತದಲ್ಲಿ ಒಂದು ಪೂರ್ಣ ಚಿಕಿತ್ಸೆಗೆ ಮಧ್ಯಮ ವರ್ಗದವರೂ ಮನೆ ಮಾರಬೇಕಾದಂಥ ಪರಿಸ್ಥಿತಿ ಇತ್ತು. ರೋಶ್ ಕಂಪನಿ 2013ರಲ್ಲಿ ಇಲ್ಲಿನ ಪೇಟೆಂಟನ್ನು ಕೈಬಿಟ್ಟಿತು. ಬೆಂಗಳೂರಿನ ಬಯೋಕಾನ್ ಅದೇ ವರ್ಷದ ಕೊನೆಯಲ್ಲಿ ಅನುಮತಿ ಪಡೆದು, 2014ರ ಆರಂಭದಲ್ಲಿ ತನ್ನ ಸಮಾನ ಔಷಧವನ್ನು ಸುಮಾರು ಶೇ 25 ಕಡಿಮೆ ಬೆಲೆಗೆ ಬಿಡುಗಡೆ ಮಾಡಿತು. ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. ವ್ಯಾಜ್ಯಗಳೇನೇ ಇರಲಿ, ಸ್ಪರ್ಧೆ ಹೆಚ್ಚಿದಂತೆ ಬೆಲೆ ಇಳಿಯಿತು. 2015ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೂ ಅದು ಸೇರಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಮೊದಲ ಸಮಾನ ಟ್ರಾಸ್ಟುಜುಮ್ಯಾಬ್ ಕೂಡ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳದೇ. ನಮ್ಮ ಊರಿನಲ್ಲಿ ತಯಾರಾದ ಔಷಧ ಅಮೆರಿಕದ ರೋಗಿಯನ್ನು ತಲುಪಿದೆ. ಒಂದು ವರ್ಷದ ಬದಲು ಆರು ತಿಂಗಳು ಕೊಟ್ಟರೂ ಸಾಕೆಂದು ಬ್ರಿಟನ್ನಿನ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2019ರಲ್ಲಿ ಹೇಳಿತು. ಫ್ರಾನ್ಸಿನ ಅಧ್ಯಯನ ಅಷ್ಟು ಧೈರ್ಯದಿಂದ ಹೇಳಲಿಲ್ಲವಾದರೂ, ಸೀಮಿತ ಬೊಕ್ಕಸದ ಸರ್ಕಾರಕ್ಕೆ ಇದು ಸಣ್ಣ ಸುದ್ದಿಯಲ್ಲ.

ಈ ಔಷಧವನ್ನು ಕೊಡಬೇಕಾದರೆ ಮೊದಲು ತೆಗೆದ ಗಡ್ಡೆಯ ಚೂರನ್ನು ಸರಿಯಾಗಿ ಫಾರ್ಮಲಿನ್‌ನಲ್ಲಿ ಇಡಬೇಕು, ಹಾರ್ಮೋನ್ ಗ್ರಾಹಕಗಳಿಗೂ ಹರ್-2ಗೂ ಬಣ್ಣ ಹಾಕಿ ನೋಡಬೇಕು, ಅದನ್ನು ಓದಬಲ್ಲ ರೋಗನಿದಾನ ತಜ್ಞರು ಬೇಕು. ಆರೋಗ್ಯವಂತರ ಜೊಲ್ಲನ್ನು ಓದುವುದಕ್ಕಿಂತ ಅಗ್ಗದ ಕೆಲಸ ಇದು. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರಾದರೆ ಟ್ಯಾಮೊಕ್ಸಿಫೆನ್‌ನಂಥ ಅಗ್ಗದ ಮಾತ್ರೆಯೇ ವರ್ಷಗಟ್ಟಲೆ ಕಾಯುತ್ತದೆ. ಆದರೆ ವರದಿಯೇ ಇಲ್ಲದೆ ಯಾವ ಮಾತ್ರೆ ಎಂದು ವೈದ್ಯರು ಹೇಳುವುದು ಹೇಗೆ? ತಾಲ್ಲೂಕು ಆಸ್ಪತ್ರೆಯಲ್ಲಿ ಗಡ್ಡೆ ಕಂಡ ಮಹಿಳೆ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ, ಇಲ್ಲಿ ವರದಿಗಾಗಿ ಮತ್ತೆರಡು ಸಲ, ಪ್ರತಿ ಸಲವೂ ಜೊತೆಗೆ ಬಂದ ಗಂಡನ ಅಥವಾ ಮಗನ ಕೂಲಿ ನಷ್ಟ. ಇಂಥ ಅಲೆದಾಟದ ಮಧ್ಯೆ ಒಂದು ಹಂತದಲ್ಲಿ ಆಕೆ ‘ಇನ್ನು ಸಾಕು’ ಎಂದು ಮನೆಯಲ್ಲೇ ಉಳಿಯುತ್ತಾಳೆ.

ಅಂಕಿಗಳು ಇದನ್ನೇ ಹೇಳುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು, 98 ಸಾವಿರ ಸಾವುಗಳು. ಅಮೆರಿಕದಲ್ಲಿ ಹೊಸ ಪ್ರಕರಣಗಳು ನಮಗಿಂತ ಹೆಚ್ಚು. ಸಾವುಗಳು ನಮ್ಮ ಅರ್ಧಕ್ಕಿಂತ ಕಡಿಮೆ. ಈ ಅಂತರ ಜೀನುಗಳದಲ್ಲ, ತಡವಾದದ್ದರದು. ನಮ್ಮ ಮಹಿಳೆಯರಿಗೆ ಹತ್ತು ವರ್ಷ ಮೊದಲೇ ಈ ರೋಗ ಬರುತ್ತದೆಂಬ ಮಾತನ್ನೂ ಆಗಾಗ ಕೇಳುತ್ತೇವೆ. ಅದರಲ್ಲಿ ದೊಡ್ಡ ಪಾಲು ನಮ್ಮ ಜನಸಂಖ್ಯೆಯಲ್ಲಿ ಯುವತಿಯರೇ ಹೆಚ್ಚಿರುವುದರ ಫಲ. ಜನಸಂಖ್ಯೆಯ ವಯೋರಚನೆಯನ್ನು ಮರೆತು ಸರಾಸರಿ ಹೋಲಿಸುವುದು ಅಂಕಿಅಂಶ ಓದುವ ಕ್ರಮವಲ್ಲ. ಕಿದ್ವಾಯಿ ಸಂಸ್ಥೆಯಲ್ಲಿರುವ ಕ್ಯಾನ್ಸರ್ ನೋಂದಣಿ ಕೇಂದ್ರ 1980ರ ದಶಕದ ಆರಂಭದಿಂದ ಬೆಂಗಳೂರಿನ ಲೆಕ್ಕ ಇಡುತ್ತಿದೆ. ಆಗ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಆ ಸ್ಥಾನವನ್ನು ಸ್ತನ ಕ್ಯಾನ್ಸರ್ ಆಕ್ರಮಿಸಿ ವರ್ಷಗಳೇ ಆದವು.

ತಡವಾಗುವುದನ್ನು ತಪ್ಪಿಸಲು ದುಬಾರಿ ಯಂತ್ರ ಬೇಕಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆಯಿದೆ. ಮುಂಬೈನ ಟಾಟಾ ಮೆಮೋರಿಯಲ್ ಸಂಸ್ಥೆ 1998ರಲ್ಲಿ ಆರಂಭಿಸಿ, 35ರಿಂದ 64 ವರ್ಷದ 1.5 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿತು. ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷಿಸಿದರು, ಅಷ್ಟೇ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷಿಸದ ಗುಂಪಿನಲ್ಲಿ ಮೂರು-ನಾಲ್ಕನೆಯ ಹಂತದಲ್ಲಿ ಪತ್ತೆಯಾದವರು ಶೇ 47, ಪರೀಕ್ಷಿಸಿದವರಲ್ಲಿ ಶೇ 37. ಸಾವಿನ ಪ್ರಮಾಣ ಒಟ್ಟಾರೆ ಶೇ 15 ಕಡಿಮೆ. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇದು ಖಚಿತವಲ್ಲ. ಆದರೆ ಐವತ್ತು ದಾಟಿದವರಲ್ಲಿ ಇಳಿಕೆ ಸುಮಾರು ಶೇ 30. ಮೂವತ್ತು ದಾಟಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ನಡೆಸಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2016ರಲ್ಲೇ ಹೊರಡಿಸಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇ 0.9. ನೂರಕ್ಕೆ ಒಬ್ಬರೂ ಇಲ್ಲ!

ಯಂತ್ರಗಳ ಬಗ್ಗೆ ನನ್ನ ಸಂದೇಹಕ್ಕೆ ಹಿನ್ನೆಲೆಯಿದೆ. ನಾನು ಸೇವೆಯಲ್ಲಿದ್ದ ಜಿಲ್ಲೆಯೊಂದರಲ್ಲಿ ಮ್ಯಾಮೊಗ್ರಫಿ ಯಂತ್ರ ಬಂದಿಳಿದು, ಉದ್ಘಾಟನೆಯ ಫೋಟೊ ಪತ್ರಿಕೆಗಳಲ್ಲಿ ಬಂದು, ಬಳಿಕ ಹೊದಿಕೆಯ ಕೆಳಗೆ ತಿಂಗಳುಗಟ್ಟಲೆ ಮಲಗಿತ್ತು. ತಂತ್ರಜ್ಞರ ಹುದ್ದೆ ಮಂಜೂರಾಗಿರಲಿಲ್ಲ. ನಿರ್ವಹಣಾ ಕರಾರಿಗೆ ಯಾವ ಲೆಕ್ಕ ಶೀರ್ಷಿಕೆಯಡಿ ಹಣ ಎಂಬ ಪ್ರಶ್ನೆ ಎರಡು ಕಚೇರಿಗಳ ನಡುವೆ ಓಡಾಡುತ್ತಿತ್ತು. ಯಂತ್ರ ಖರೀದಿ ಬಂಡವಾಳ ವೆಚ್ಚ, ಅದಕ್ಕೆ ಉತ್ಸಾಹಿಗಳು ಬಹಳ. ಸಂಬಳ, ರಾಸಾಯನಿಕ, ಸ್ಲೈಡು ಇವೆಲ್ಲ ಆವರ್ತಕ ವೆಚ್ಚ. ಅದಕ್ಕೆ ರಿಬ್ಬನ್ ಕತ್ತರಿಸುವವರು ಯಾರೂ ಇಲ್ಲ.

ಜಿಲ್ಲಾಸ್ಪತ್ರೆಗಳಲ್ಲಿ ಮೂರು ವರ್ಷಗಳೊಳಗೆ ಕ್ಯಾನ್ಸರ್ ಹಗಲು ಚಿಕಿತ್ಸಾ ಕೇಂದ್ರಗಳನ್ನು ತೆರೆಯುವುದಾಗಿ 2025ರ ಫೆಬ್ರುವರಿಯ ಕೇಂದ್ರ ಬಜೆಟ್ ಪ್ರಕಟಿಸಿತು. ಸ್ವಾಗತಾರ್ಹ. ಕಿಮೊಥೆರಪಿ ಮನೆಯ ಹತ್ತಿರ ಸಿಕ್ಕರೆ ಅರ್ಧ ಅಲೆದಾಟ ತಪ್ಪುತ್ತದೆ. ಆದರೆ ಯಾವ ಔಷಧ ಎಂದು ಹೇಳುವ ಪ್ರಯೋಗಾಲಯ ಬೆಂಗಳೂರಿನಲ್ಲೇ ಉಳಿದರೆ ಆ ಕೇಂದ್ರದ ಹಾಸಿಗೆ ವರದಿಗಾಗಿ ಕಾಯುತ್ತಿರುತ್ತದೆ.

ಕರ್ನಾಟಕದಲ್ಲಿ ಇದಕ್ಕೊಂದು ಸಿದ್ಧ ಸಾಧನವಿದೆ. 2011ರಲ್ಲಿ ನಾವು ಸಕಾಲ ಸೇವೆಗಳ ಕಾಯ್ದೆ ತಂದೆವು. ಜಾತಿ ಪ್ರಮಾಣಪತ್ರ ಎಷ್ಟು ದಿನದಲ್ಲಿ ಸಿಗಬೇಕು, ಖಾತೆ ಬದಲಾವಣೆ ಎಷ್ಟು ದಿನದಲ್ಲಿ ಆಗಬೇಕೆಂದು ಕಾನೂನಿನ ಗಡುವು ವಿಧಿಸಿ, ಅರ್ಜಿದಾರನಿಗೆ ಹದಿನೈದು ಅಂಕಿಗಳ ಸಂಖ್ಯೆ ಕೊಟ್ಟೆವು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ತನದ ಗಡ್ಡೆಯಿಂದ ಚೂರು ತೆಗೆದ ದಿನದಿಂದ ಹಾರ್ಮೋನ್ ಮತ್ತು ಹರ್-2 ವರದಿ ರೋಗಿಯ ಕೈ ಸೇರುವವರೆಗಿನ ಅವಧಿಯನ್ನೂ ಈ ಪಟ್ಟಿಗೆ ಸೇರಿಸಲಿ. ಹದಿನಾಲ್ಕು ದಿನ ಎಂದು ಆರಂಭಿಸಬಹುದು. ಚೂರುಗಳನ್ನು ತಾಲ್ಲೂಕಿನಿಂದ ವಿಭಾಗೀಯ ಮಟ್ಟದ ಪ್ರಯೋಗಾಲಯಕ್ಕೆ ಒಯ್ಯಲಿ. ಅಲೆಯಬೇಕಾದ್ದು ಸ್ಲೈಡು, ರೋಗಿಯಲ್ಲ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವೆಂದು ಕಾಯ್ದೆ ಹೇಳುತ್ತದೆ. ಮೊತ್ತ ನಗಣ್ಯ. ಆದರೆ ತಡ ಯಾವ ಮೇಜಿನ ಮೇಲೆ ಆಯಿತೆಂಬುದು ಅಧಿಕಾರಿಯ ಹೆಸರಿನೊಡನೆ ದಾಖಲಾಗುತ್ತದೆ. ಸರ್ಕಾರಿ ನೌಕರ ಭಯಪಡುವುದು ಅದಕ್ಕೇ ಎಂಬುದನ್ನು ನಾನು ಮೂವತ್ತು ವರ್ಷ ನೋಡಿ ಬಲ್ಲೆ.